ಬೆನ್ನು ಕೊಟ್ಟು ಕೂರುವ ಆಟ

ಭಾರ್ಗವಿ ಮೊದಲ ಸಲ ಬಿದ್ದದ್ದು ಮುಳಬಾಗಿಲಿನ ಬಜಾರಿನಲ್ಲಿ, ಡ್ರಿಪ್ ಪೈಪ್ ಮಾರುವ ಅಂಗಡಿಯ ಮುಂದೆ. ಶಾಲೆಗೆಂದು ಶೂ ಕೊಳ್ಳಲು ಹೋಗಿದ್ದೆವು. ಅಂಗಡಿಯವನು ಯಾರೋ ರೈತರಿಗೆ ಕಪ್ಪು ಪೈಪಿನ ಸುರುಳಿ ಬಿಚ್ಚಿ, ಒಂದು ತುಂಡು ಕತ್ತರಿಸಿ, ಎಷ್ಟು ಗಟ್ಟಿ ನೋಡಿ ಎಂದು ಬೀಸಿ ತೋರಿಸುತ್ತಿದ್ದ. ಪೈಪು ಗಾಳಿಯಲ್ಲಿ ಸುಯ್ಯೆಂದಿತು. ನನ್ನ ಕೈ ಹಿಡಿದಿದ್ದ ಹುಡುಗಿ ಕೈ ಬಿಟ್ಟಳು. ತಿರುಗಿ ನೋಡುವಷ್ಟರಲ್ಲಿ ನೆಲದ ಮೇಲಿದ್ದಳು. ಕಣ್ಣು ತೆರೆದೇ ಇತ್ತು. ಕೈಕಾಲು ಅದುರುತ್ತಿದ್ದವು.

ಜನ ಸೇರಿದರು. ‘ಫಿಟ್ಸು, ಫಿಟ್ಸು! ಕಬ್ಬಿಣ ಕೊಡ್ರೀ’ ಎಂದು ಒಬ್ಬರು ಬೀಗದ ಕೈ ಗೊಂಚಲನ್ನು ಅವಳ ಅಂಗೈಗೆ ತುರುಕಿದರು. ಒಬ್ಬ ಹೆಂಗಸು ಈರುಳ್ಳಿ ಒಡೆದು ಮೂಗಿಗೆ ಹಿಡಿದಳು. ಅಂಗಡಿಯವನು ಪಾಪ, ಒಳ್ಳೆಯ ಮನಸ್ಸಿನಿಂದಲೇ ಓಡಿಬಂದ. ಆದರೆ ಕೈಯಲ್ಲಿದ್ದ ಪೈಪಿನ ತುಂಡನ್ನು ಬಿಸಾಡಲು ಮರೆತಿದ್ದ. ಅದನ್ನು ಹಿಡಿದುಕೊಂಡೇ ಅವಳ ಮೇಲೆ ಬಗ್ಗಿದ. ಅವಳು ಕಿರುಚಿದ್ದು ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿರಬೇಕು.

ಆಗ ನನಗೆ ಅರ್ಥವಾಯಿತು.

ಭಾರ್ಗವಿ ನನ್ನ ಅಕ್ಕನ ಮಗಳು. ಅಕ್ಕ ಕಾಮಾಲೆಯಲ್ಲಿ ಹೋದಾಗ ಇವಳಿನ್ನೂ ಎರಡನೇ ಕ್ಲಾಸು. ಅಲ್ಲಿಂದ ಎಂಟನೇ ಕ್ಲಾಸಿನವರೆಗೆ ಅಪ್ಪನ ಜೊತೆ ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದಳು. ಆ ಅಪ್ಪನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಪೆನ್ನಿಗೇ ಮೈಲಿಗೆ. ಟೊಮೇಟೊ ಬೆಳೆಯುತ್ತಾನೆ, ಊರಲ್ಲಿ ಮರ್ಯಾದಸ್ಥ, ನಾಲ್ಕು ಜನ ಎದ್ದು ನಿಂತು ನಮಸ್ಕಾರ ಹೇಳುವ ಮನುಷ್ಯ. ಅನ್ನಕ್ಕೆ ಉಪ್ಪು ಹೆಚ್ಚಾದರೆ, ಮಾರ್ಕೆಟ್ಟಿನಲ್ಲಿ ರೇಟು ಬಿದ್ದರೆ, ಮೋಟರು ಸುಟ್ಟರೆ ಹೊಲದಿಂದ ಒಂದು ತುಂಡು ಡ್ರಿಪ್ ಪೈಪು ತರುತ್ತಿದ್ದ. ಎದುರಿಗೆ ನಿಂತು ಹೊಡೆಯುತ್ತಿರಲಿಲ್ಲ. ಹುಡುಗಿ ಒಲೆ ಮುಂದೆಯೋ ಪುಸ್ತಕದ ಮುಂದೆಯೋ ಕೂತಿರುವಾಗ ಸದ್ದಿಲ್ಲದೆ ಹಿಂದಿನಿಂದ ಬರುತ್ತಿದ್ದ. ಅಕ್ಕಪಕ್ಕದ ಮನೆಗಳಿಗೆಲ್ಲ ಕೇಳಿಸುತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಶಾಲೆಯ ಮೇಡಂ ಒಬ್ಬರು ಅವಳ ಬೆನ್ನು ನೋಡಿ ದೂರು ಕೊಟ್ಟರು. ಕೇಸಾಯಿತು. ಅವನಿಗೆ ಬೇಲ್ ಸಿಕ್ಕಿತು. ಮಕ್ಕಳ ಕಲ್ಯಾಣ ಸಮಿತಿಯವರು ಹುಡುಗಿಯನ್ನು ನನಗೊಪ್ಪಿಸಿದರು.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರು. ಮುಳಬಾಗಿಲಿಂದ ಶ್ರೀನಿವಾಸಪುರದ ಮೇಲೆ ರಾಯಲ್ಪಾಡು, ಅದೇ ನನ್ನ ರೂಟು. ನಮ್ಮ ಕಡೆ ಅರ್ಧ ಮಾತು ತೆಲುಗು, ಹಾಗಾಗಿ ಚಿಕ್ಕಮ್ಮನಾದ ನನ್ನನ್ನು ಭಾರ್ಗವಿ ಪಿನ್ನಿ ಎನ್ನುತ್ತಾಳೆ. ದಿನವಿಡೀ ಜನರ ಜೊತೆ ಬಾಯಿ ಮಾಡಿ ಮಾಡಿ ನನಗೆ ಮೆತ್ತಗೆ ಮಾತಾಡುವುದೇ ಮರೆತುಹೋಗಿದೆ. ಅವಳು ನನ್ನ ಮನೆಗೆ ಬಂದ ಮೇಲೆ ಮತ್ತೆ ಕಲಿಯಬೇಕಾಯಿತು.

ಬಜಾರಿನಿಂದ ನೇರವಾಗಿ ಆಟೋದಲ್ಲಿ ಆಸ್ಪತ್ರೆ. ಅಲ್ಲಿಂದ ಕೋಲಾರದ ದೊಡ್ಡ ಆಸ್ಪತ್ರೆ. ಇಇಜಿ ಮಾಡಿದರು. ಸ್ಕ್ಯಾನ್ ಮಾಡಿದರು. ಎಲ್ಲ ನಾರ್ಮಲ್. ‘ಇದು ಫಿಟ್ಸ್ ಅಲ್ಲಮ್ಮ’ ಎಂದು ಹೇಳಿ ಸೈಕಿಯಾಟ್ರಿ ಓಪಿಡಿಗೆ ಚೀಟಿ ಬರೆದರು. ಅಲ್ಲಿದ್ದದ್ದು ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು. ನನ್ನನ್ನು ಹೊರಗೆ ಕೂರಿಸಿ ಭಾರ್ಗವಿಯ ಜೊತೆ ಬಹಳ ಹೊತ್ತು ಮಾತಾಡಿದರು. ಆಮೇಲೆ ನನ್ನನ್ನು ಕರೆದು ಪಿಟಿಎಸ್‌ಡಿ ಎಂದರು. ಹಂಗಂದ್ರೇನು ಎಂದೆ.

‘ಪೆಟ್ಟು ನಿಂತಿದೆ. ಆದ್ರೆ ಪೆಟ್ಟು ನಿಂತಿದೆ ಅಂತ ಮೈಗೆ ಇನ್ನೂ ಗೊತ್ತಾಗಿಲ್ಲ’ ಎಂದರು ಡಾಕ್ಟರು.

‘ಅಲ್ಲಿದ್ದಾಗ ಒಂದಿನಾನೂ ಬಿದ್ದೋಳಲ್ಲ ಮೇಡಂ. ನಮ್ಮನೆಗೆ ಬಂದ್ಮೇಲೆ ಹಿಂಗಾಗಿದೆ. ನಾನೇನಾದ್ರೂ...’

‘ಅಲ್ಲಿ ಬೀಳೋಕೆ ಧೈರ್ಯ ಇರ್ಲಿಲ್ಲಮ್ಮ. ಇಲ್ಲಿ ಹಿಡ್ಕೊಳ್ಳೋರು ಇದ್ದಾರೆ ಅಂತ ಬೀಳ್ತಿದ್ದಾಳೆ.’

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅಳುವಿಗಿಂತ ಸಿಟ್ಟೇ ಹೆಚ್ಚಿತ್ತು. ಅವನು ಮನೆಯಲ್ಲಿ ಕಾಲು ಚಾಚಿ ಟಿವಿ ನೋಡುತ್ತಿರುತ್ತಾನೆ, ಇವಳು ಮಾತ್ರೆ ನುಂಗಬೇಕು. ಇದ್ಯಾವ ನ್ಯಾಯ?

ಮನೆ ಬದಲಾಯಿತು. ಅವಳು ಯಾವಾಗಲೂ ಗೋಡೆಗೆ ಬೆನ್ನು ಒತ್ತಿಕೊಂಡೇ ಕೂರುತ್ತಿದ್ದಳು. ಊಟಕ್ಕೂ ಹಾಗೇ, ಓದಿಗೂ ಹಾಗೇ. ನಿದ್ದೆ ಇರಲಿಲ್ಲ. ಅವಳ ಹಿಂದೆ ಯಾರೂ ನಡೆಯಬಾರದು ಎಂದು ನಾವೇ ನಿಯಮ ಮಾಡಿಕೊಂಡೆವು. ನನ್ನ ಗಂಡ ವೇಮಗಲ್ಲಿನ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾರೆ. ಶಿಫ್ಟ್ ಮುಗಿಸಿ ಬಂದರೆ ಬಾಗಿಲಾಚೆಯೇ ನಿಂತು ನಾಲ್ಕು ಸಲ ಕೆಮ್ಮಿ, ‘ನಾನೇ ಕಣಮ್ಮ, ಒಳಕ್ಕೆ ಬರ್ತಾ ಇದೀನಿ’ ಎಂದು ಹೇಳಿ ಬರುವುದನ್ನು ರೂಢಿ ಮಾಡಿಕೊಂಡರು. ಸ್ವಂತ ಮನೆಗೆ ನೆಂಟರ ಹಾಗೆ ಬರುತ್ತಿದ್ದರು ಪಾಪ. ಹುಡುಗಿ ಶಾಲೆ ಬಿಟ್ಟಳು. ಕ್ಲಾಸಿನಲ್ಲಿ ಹಿಂದಿನ ಬೆಂಚಿನವರು ಪೆನ್ನು ಬೀಳಿಸಿದರೂ ಇವಳು ನೆಲಕ್ಕೆ ಬೀಳುತ್ತಿದ್ದಳು.

ನಾನು ದಿನಾ ಅವನ ಹೊಲದ ಪಕ್ಕವೇ ಬಸ್ಸಿನಲ್ಲಿ ಹೋಗುತ್ತಿದ್ದೆ. ಅದೊಂದು ಹಿಂಸೆ. ಕಿಟಕಿಯಿಂದ ಆ ಕಪ್ಪು ಪೈಪುಗಳು ಸಾಲುಸಾಲಾಗಿ ಕಾಣುತ್ತಿದ್ದವು. ಅವನ ಬೋರು ಬತ್ತಲಿ, ಅವನ ತೋಟಕ್ಕೆ ರೋಗ ಬರಲಿ, ಅವನ ಕೈ ಸೇದಿಹೋಗಲಿ ಎಂದು ಟಿಕೆಟ್ ಕೊಡುತ್ತಲೇ ಶಾಪ ಹಾಕುತ್ತಿದ್ದೆ. ಒಂದು ಸಲ ರೇಟು ಬಿದ್ದು ಜನ ಟೊಮೇಟೊ ಹಣ್ಣನ್ನೆಲ್ಲ ರಸ್ತೆ ಬದಿಗೆ ಸುರಿದಿದ್ದರು. ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ಮುಂದಿನ ಸ್ಟಾಪಿನಲ್ಲಿ ಹತ್ತಿದ ಹೆಂಗಸೊಬ್ಬಳು ತನ್ನ ತೋಟವೂ ಹೋಯಿತೆಂದು ಕಣ್ಣು ಒರೆಸಿಕೊಂಡಾಗ ನಾಚಿಕೆಯಾಯಿತು. ಆದರೂ ಶಾಪ ನಿಲ್ಲಿಸಲಿಲ್ಲ. ಅವನೊಬ್ಬನಿಗೇ ತಟ್ಟಲಿ ಎಂದು ತಿದ್ದಿಕೊಂಡೆ.

ನೆಂಟರಲ್ಲಿ ಕೆಲವರು ಬುದ್ಧಿ ಹೇಳಲು ಬಂದರು. ಕ್ಷಮಿಸಬೇಕಂತೆ. ಏನೇ ಆದರೂ ಹೆತ್ತ ಅಪ್ಪನಂತೆ. ಕಾಫಿ ಕುಡಿಸಿ, ‘ನಿಮ್ ಬೆನ್ನು ಕೊಡಿ, ಒಂದೇ ಒಂದು ಸಲ ಪೈಪಲ್ಲಿ ಬಾರಿಸ್ತೀನಿ, ಆಮೇಲೆ ಕ್ಷಮಿಸೋ ಮಾತಾಡಾಣ’ ಎಂದೆ. ಅವರು ಮತ್ತೆ ಬರಲಿಲ್ಲ.

ಮಾತ್ರೆಯಿಂದ ನಿದ್ದೆ ಸ್ವಲ್ಪ ಹತ್ತಿತು. ಕೌನ್ಸೆಲಿಂಗಿನಲ್ಲಿ ಬಾಯಿ ಸ್ವಲ್ಪ ಬಿಚ್ಚಿದಳು. ಆದರೆ ಬೀಳುವುದು ನಿಲ್ಲಲಿಲ್ಲ. ಒಂದು ದಿನ ಡಾಕ್ಟರು, ‘ಇವಳಿಗೆ ದಿನಾ ಮೈ ಬೆವರೋ ಹಾಗೆ ಏನಾದ್ರೂ ಮಾಡ್ಸಿ’ ಎಂದರು.

‘ಬೆವರಿದ್ರೆ ತಲೆ ಸರಿಹೋಗುತ್ತಾ ಮೇಡಂ?’

‘ಭಯ ಆದಾಗ ಎದೆ ಬಡ್ಕೊಳುತ್ತೆ, ಉಸಿರು ಮೇಲಕ್ಕೆ ಬರುತ್ತೆ, ಅಲ್ವಾ? ಓಡಿದಾಗ್ಲೂ ಅದೇ ಆಗುತ್ತೆ. ಎದೆ ಬಡ್ಕೊಂಡ ತಕ್ಷಣ ಪೆಟ್ಟು ಬೀಳುತ್ತೆ ಅಂತ ಅವಳ ಮೈ ಕಲ್ತುಬಿಟ್ಟಿದೆ. ಎದೆ ಬಡ್ಕೊಂಡ್ರೂ ಏನೂ ಆಗಲ್ಲ ಅಂತ ಈಗ ಕಲೀಬೇಕು. ಮಾತ್ರೆ ನಿಲ್ಲಿಸ್ಬೇಡಿ, ಕೌನ್ಸೆಲಿಂಗ್ ನಿಲ್ಲಿಸ್ಬೇಡಿ. ಅವುಗಳ ಜೊತೆಗೆ ಇದೂ ಇರ್ಲಿ.’

ನನ್ನ ತಲೆ ಬೇರೆ ಕಡೆ ಓಡಿತು. ಮರುದಿನವೇ ಕರಾಟೆ ಕ್ಲಾಸಿಗೆ ಸೇರಿಸಿದೆ. ಒಂದಲ್ಲ ಒಂದು ದಿನ ಅವನ ಎದುರಿಗೆ ನಿಂತು ಅವನ ಹಲ್ಲು ಉದುರಿಸಲಿ ಎಂಬ ಆಸೆ ನನ್ನದು. ಅಲ್ಲಿ ಎಲ್ಲರೂ ಒಟ್ಟಿಗೆ ಹೋ ಎಂದು ಕಿರುಚಿದ ಕೂಡಲೇ ಅವಳು ಬಿದ್ದಳು. ಡಾಕ್ಟರ ಮುಂದೆ ಹೇಳಿದಾಗ ಅವರು ನಗಲಿಲ್ಲ. ‘ಅವನನ್ನ ಹೊಡೀಬೇಕು ಅನ್ನೋದು ನಿಮ್ಮ ಆಸೆ. ಅವಳಿಗೇನು ಬೇಕು ಅಂತ ಒಂದು ಸಲ ಅವಳನ್ನೇ ಕೇಳಿ.’ ಕೇಳಿದೆ. ‘ಸುಮ್ನೆ ನಡೀತೀನಿ ಪಿನ್ನಿ’ ಎಂದಳು.

ಸರಿ, ನಡೆದೆವು. ಬೆಳಗಿನ ಹೊತ್ತು, ನನ್ನ ಡ್ಯೂಟಿಗೆ ಮುಂಚೆ, ಹೈಸ್ಕೂಲಿನ ಮೈದಾನದ ಸುತ್ತ. ಅವಳು ಹಿಂದೆ, ನಾನು ಮುಂದೆ. ಅಲ್ಲಿ ಹುಡುಗಿಯರು ಖೋ ಖೋ ಪ್ರಾಕ್ಟೀಸ್ ಮಾಡುತ್ತಿದ್ದರು. ಸ್ವಲ್ಪ ದಿನ ಕಳೆದ ಮೇಲೆ ಭಾರ್ಗವಿ ನಡೆಯುವುದನ್ನು ಬಿಟ್ಟು, ಕಾಂಪೌಂಡ್ ಗೋಡೆಗೆ ಬೆನ್ನು ಆನಿಸಿ ಅವರ ಆಟ ನೋಡುತ್ತಾ ನಿಲ್ಲತೊಡಗಿದಳು.

ಒಂದು ದಿನ, ‘ನಾನೂ ಆಡ್ಲಾ?’ ಎಂದಳು.

ಆ ಆಟ ನಿಮಗೆ ಗೊತ್ತಲ್ಲ. ಹುಡುಗಿಯರು ಸಾಲಾಗಿ ಕುಕ್ಕರಗಾಲಿನಲ್ಲಿ ಕೂರುತ್ತಾರೆ, ಒಬ್ಬಳ ಮುಖ ಈ ಕಡೆ, ಪಕ್ಕದವಳದು ಆ ಕಡೆ. ಅಟ್ಟಿಸಿಕೊಂಡು ಹೋಗುವವಳು ಹಿಂದಿನಿಂದ ಬಂದು ಬೆನ್ನಿಗೆ ತಟ್ಟಿ ಖೋ ಎನ್ನಬೇಕು. ಅಲ್ಲಿಯವರೆಗೂ ಏಳುವಂತಿಲ್ಲ. ಬೆನ್ನು ಕೊಟ್ಟು ಕೂತು, ಯಾವಾಗ ಕೈ ಬೀಳುತ್ತದೋ ಎಂದು ಕಾಯಬೇಕು. ಲೋಕದಲ್ಲಿರುವ ಅಷ್ಟೂ ಆಟ ಬಿಟ್ಟು ಇದೇ ಬೇಕಿತ್ತಾ ಇವಳಿಗೆ? ‘ಬೇಡ ಕಣೇ, ಥ್ರೋಬಾಲ್ ಆಡು’ ಎಂದೆ. ‘ಇದೇ’ ಎಂದಳು. ಅಕ್ಕನ ಹಟ.

ಪಿಟಿ ಟೀಚರ್ ರೇಣುಕಾ ಮೇಡಂಗೆ ಎಲ್ಲ ಹೇಳಿದೆ. ಅವರು ಮೊದಲು ಅವಳನ್ನು ಸಾಲಿನಲ್ಲಿ ಕೂರಿಸಲೇ ಇಲ್ಲ. ಬರೀ ತಪ್ಪಿಸಿಕೊಂಡು ಓಡುವ ಕೆಲಸ ಕೊಟ್ಟರು. ಅಯ್ಯೋ, ಏನು ಓಟ ಅಂತೀರಿ! ತಪ್ಪಿಸಿಕೊಳ್ಳುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಒಂದು ದಿನ ಉಸಿರು ಕಟ್ಟುವವರೆಗೂ ಓಡಿ, ನನ್ನ ಹತ್ತಿರ ಬಂದು, ನನ್ನ ಕೈಯನ್ನು ತನ್ನ ಎದೆಯ ಮೇಲಿಟ್ಟುಕೊಂಡು, ‘ನೋಡು ಪಿನ್ನಿ, ಹೆಂಗ್ ಬಡ್ಕೊಳ್ತಾ ಇದೆ. ಆದ್ರೂ ಏನೂ ಆಗ್ತಿಲ್ಲ’ ಎಂದಳು. ಆ ದಿನ ನಾನು ಡ್ಯೂಟಿಗೆ ತಡವಾಗಿ ಹೋಗಿ ಬೈಸಿಕೊಂಡೆ. ಬೈಗುಳ ಕಿವಿಗೇ ಹೋಗಲಿಲ್ಲ.

ಕೂರುವುದು ಕಷ್ಟವಾಯಿತು. ಮೊದಲ ಸಲ ಬೆನ್ನಿಗೆ ಕೈ ತಗುಲಿದಾಗ ಬಿದ್ದಳು. ಎರಡನೆಯ ಸಲವೂ ಬಿದ್ದಳು. ಟೀಮಿನ ಹುಡುಗಿಯರು ಗಾಬರಿಯಾಗಲಿಲ್ಲ, ಕಬ್ಬಿಣವನ್ನೂ ಹುಡುಕಲಿಲ್ಲ. ರೇಣುಕಾ ಮೇಡಂ ಹೇಳಿಕೊಟ್ಟಂತೆ ಅವಳ ಎದುರಿಗೆ ಕೂತು, ‘ಏನೇನು ಕಾಣ್ತಿದೆ ಹೇಳು’ ಎಂದು ಕೇಳುತ್ತಿದ್ದರು. ಅವಳು ನಿಧಾನವಾಗಿ ‘ಕಂಬ... ಬೇವಿನ ಮರ... ನಿನ್ನ ಹೊಲಸು ಸಾಕ್ಸು’ ಎನ್ನುತ್ತಿದ್ದಳು. ಸಾಕ್ಸು ಟೀಮಿನ ಶಬಾನಾ ಎಂಬ ಹುಡುಗಿಯದು. ಒಂದು ಉಪಾಯ ಕಂಡುಹಿಡಿದದ್ದೂ ಶಬಾನಾಳೇ. ಪ್ರಾಕ್ಟೀಸಿನಲ್ಲಿ ದೂರದಿಂದಲೇ ಬಾಯಿ ಬಿಡುತ್ತಾ ಬರುತ್ತಿದ್ದಳು: ‘ಭಾರ್ಗವೀ, ನಾನ್ ಕಣೇ ಶಬ್ಬು, ಬರ್ತಾ ಇದೀನಿ, ಹಿಂದೇನೇ ಇದೀನಿ, ಮುಟ್ತೀನಿ ನೋಡು, ಮುಟ್ಟೇಬಿಟ್ಟೆ, ಖೋ!’ ಎದುರು ಟೀಮಿನವರು ಬಿದ್ದು ಬಿದ್ದು ನಗುತ್ತಿದ್ದರು. ನಗಲಿ. ದಿನ ಕಳೆದಂತೆ ಆ ಉದ್ದದ ಮಾತು ಗಿಡ್ಡವಾಯಿತು. ಆಮೇಲೆ ಬರೀ ‘ಶಬ್ಬು, ಖೋ’. ಆಮೇಲೆ ಬರೀ ಖೋ. ಭಾರ್ಗವಿ ಶಾಲೆಗೆ ವಾಪಸ್ ಹೋದಳು. ತಾಲ್ಲೂಕು ಟೀಮಿಗೆ ಆಯ್ಕೆಯಾದಳು.

ಕೋಲಾರದಲ್ಲಿ ಜಿಲ್ಲಾ ಮಟ್ಟದ ಪಂದ್ಯ ನಡೆಯಿತು. ಅದರ ವಿಡಿಯೋ ಒಂದು ನಮ್ಮ ನೆಂಟರ ವಾಟ್ಸಾಪ್ ಗುಂಪಿಗೆ ಬಂತು. ಆ ಅಪ್ಪನ ಕಡೆಯವರು ಯಾರೋ ಗ್ಯಾಲರಿಯಲ್ಲಿ ಕೂತು, ಪೂರ್ತಿ ಆಟವನ್ನು ನಮಗೆ ಗೊತ್ತಾಗದಂತೆ ತೆಗೆದಿದ್ದರು. ಕೆಳಗೆ ಬರೆದಿದ್ದರು: ಇಷ್ಟು ಚೆನ್ನಾಗಿ ಕುಣಿಯೋ ಹುಡುಗಿಗೆ ಏನ್ ಕಾಯಿಲೆ?

ಒಂದು ವಾರದಲ್ಲಿ ಸಮಿತಿಯಿಂದ ಕರೆ ಬಂತು.

ಮಗಳನ್ನು ವಾಪಸ್ ಕೊಡಿ ಎಂದು ಅವನು ಅರ್ಜಿ ಹಾಕಿದ್ದ. ತಾನು ಒಂದು ದಿನವೂ ಅವಳ ಮೇಲೆ ಕೈ ಮಾಡಿದವನಲ್ಲವಂತೆ. ಚಿಕ್ಕಮ್ಮ ತಲೆ ಕೆಡಿಸಿ ಸುಳ್ಳು ಕಾಯಿಲೆ ಹೇಳಿಸುತ್ತಿದ್ದಾಳಂತೆ. ಸಾಕ್ಷಿಗೆ ವಿಡಿಯೋ. ಅಂದರೆ ಏನಾಯಿತು ನೋಡಿ. ಬಿದ್ದುಕೊಂಡೇ ಇದ್ದಿದ್ದರೆ ಅವನು ಹುಚ್ಚಿ ಎನ್ನುತ್ತಿದ್ದ, ಎದ್ದು ಓಡಿದ್ದಕ್ಕೆ ಸುಳ್ಳಿ ಎಂದ. ಆ ರಾತ್ರಿ ನನ್ನ ಗಂಡ ನನ್ನನ್ನು ಹಿಡಿದುಕೊಳ್ಳದಿದ್ದರೆ ಅವನ ಊರಿಗೆ ಹೋಗಿ ಏನಾದರೂ ಮಾಡಿ ಜೈಲು ಸೇರುತ್ತಿದ್ದೆ. ‘ಇನ್ಮೇಲೆ ಆಟ ಬೇಡ’ ಎಂದು ಭಾರ್ಗವಿಗೆ ಹೇಳಿದೆ. ಅವಳನ್ನು ಕಳೆದುಕೊಳ್ಳುವ ಭಯ ನನ್ನನ್ನು ಅಷ್ಟು ಹೆದರಿಸಿತ್ತು.

ಅವಳು ನನ್ನ ಫೋನ್ ಇಸಿದುಕೊಂಡು ವಿಡಿಯೋ ನೋಡಿದಳು. ಮತ್ತೆ ನೋಡಿದಳು. ತಾನು ಓಡುವುದನ್ನು ಅವಳು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ.

ಸಮಿತಿಯ ಕೋಣೆಯಲ್ಲಿ ಅಧ್ಯಕ್ಷೆ ಮೇಡಂ, ಇನ್ನಿಬ್ಬರು ಸದಸ್ಯರು. ಅವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು. ಭಾರ್ಗವಿಯ ಪಕ್ಕದಲ್ಲಿ ನನಗೆ ಜಾಗ ಕೊಟ್ಟರು, ಆದರೆ ಬಾಯಿ ತೆರೆಯಬಾರದು ಎಂದರು. ನನಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

‘ನೀನು ಚೆನ್ನಾಗಿ ಆಡ್ತೀಯಮ್ಮ. ಹಾಗಾದ್ರೆ ಈಗ ಭಯ ಹೋಗಿದೆಯಾ?’ ಎಂದು ಅಧ್ಯಕ್ಷೆ ಮೇಡಂ ಕೇಳಿದರು.

‘ಆ ವಿಡಿಯೋ ಹಾಕ್ತೀರಾ ಮೇಡಂ?’ ಎಂದಳು ಭಾರ್ಗವಿ.

ಹಾಕಿದರು. ಅವಳು ಎದ್ದು ಕಂಪ್ಯೂಟರಿನ ಹತ್ತಿರ ಹೋದಳು. ‘ಇಲ್ಲಿ ನಿಲ್ಸಿ. ಶಬಾನಾ ನನ್ನ ಹಿಂದೆ ಬರ್ತಾ ಇದಾಳೆ. ನನ್ನ ಕುತ್ತಿಗೆ ನೋಡಿ.’

ನೋಡಿದೆವು. ಸಾಲಿನಲ್ಲಿ ಕೂತ ಬೇರೆ ಹುಡುಗಿಯರೆಲ್ಲ ತಲೆ ಎತ್ತಿ ಮುಂದೆ ನೋಡುತ್ತಿದ್ದರು. ಇವಳೊಬ್ಬಳ ಭುಜ ಕಿವಿಯವರೆಗೂ ಏರಿತ್ತು, ಕುತ್ತಿಗೆ ಒಳಕ್ಕೆ ಸೇದಿಕೊಂಡಿತ್ತು, ಕಣ್ಣು ಮುಚ್ಚಿತ್ತು. ಅವಳು ಮುಂದಕ್ಕೆ ಓಡಿಸಿ ಮತ್ತೆ ನಿಲ್ಲಿಸಿದಳು. ಅದೇ ಭುಜ. ಮತ್ತೊಮ್ಮೆ ನಿಲ್ಲಿಸಿದಳು. ಅದೇ ಕುತ್ತಿಗೆ. ಅಷ್ಟು ದಿನ ಮೈದಾನದ ಅಂಚಿನಲ್ಲಿ ನಿಂತು ನೋಡಿದವಳು ನಾನು. ನನಗೂ ಅವಳ ಓಟವೇ ಕಂಡಿತ್ತು.

‘ಪ್ರತಿ ಸಲ ಹಿಂಗೇ ಆಗುತ್ತೆ ಮೇಡಂ. ಪೈಪ್ ಬಿತ್ತು ಅಂತಾನೇ ಅನ್ಸುತ್ತೆ. ಆಮೇಲೆ ಖೋ ಅಂತಾರೆ. ಆಗ ಏಳ್ತೀನಿ.’

ಅವಳನ್ನು ಕೌನ್ಸೆಲರ್ ಜೊತೆ ಬೇರೆ ಕೋಣೆಗೆ ಕಳಿಸಿ, ಅವನನ್ನು ಒಳಗೆ ಕರೆಸಿದರು. ಅವನ ವಿಡಿಯೋವನ್ನು ಅವನಿಗೇ ತೋರಿಸಿದರು. ನಿಲ್ಲಿಸಿ, ನಿಲ್ಲಿಸಿ ತೋರಿಸಿದರು. ‘ಯಾಕೆ ಹೀಗೆ ಮುದುಡ್ಕೊತಾಳೆ ಹೇಳಿ’ ಎಂದರು ಅಧ್ಯಕ್ಷೆ ಮೇಡಂ. ಅವನು ಮುಖ ಕೆಂಪಗಾಗಿ, ‘ಏನ್ ಮೇಡಂ, ಮಕ್ಕಳನ್ನ ಹೊಡೀದೆ ಬೆಳ್ಸಕ್ಕಾಗುತ್ತಾ? ಎಲ್ರೂ ಹೊಡೀತಾರೆ. ನಾನೊಬ್ನೇನಾ?’ ಎಂದ.

ಒಂದು ದಿನವೂ ಕೈ ಮಾಡಿಲ್ಲ ಎಂದು ಅರ್ಜಿಯಲ್ಲಿ ಬರೆದವನು. ಪಕ್ಕದಲ್ಲಿದ್ದವರು ಆ ಮಾತನ್ನು ಅಕ್ಷರ ಬಿಡದೆ ಬರೆದುಕೊಂಡರು. ಬಾಯಿ ತೆರೆಯಬಾರದು ಎಂದಿದ್ದರಲ್ಲ, ನಾನು ತೆರೆಯಲಿಲ್ಲ. ಅವನ ಮುಖವನ್ನೇ ನೋಡುತ್ತಾ ಕೂತೆ. ಅಂಥ ಸುಖ ನನಗೆ ಮದುವೆಯ ದಿನವೂ ಸಿಕ್ಕಿರಲಿಲ್ಲ. ಇದನ್ನು ಬರೆಯಲು ನನಗೆ ಸಂಕೋಚವೇನಿಲ್ಲ.

ಅರ್ಜಿ ವಜಾ ಆಯಿತು. ಭಾರ್ಗವಿ ನನ್ನ ಹತ್ತಿರವೇ ಇದ್ದಾಳೆ. ಕೇಸು ಕೋರ್ಟಿನಲ್ಲಿ ತೆವಳುತ್ತಿದೆ. ಪೂರ್ತಿ ಗುಣವಾಯಿತು ಎಂದು ಡಾಕ್ಟರು ಹೇಳಿಲ್ಲ, ನಾನೂ ಕೇಳುವುದಿಲ್ಲ. ಮಾತ್ರೆ ಕಡಿಮೆಯಾಗಿದೆ. ಪರೀಕ್ಷೆ ಹತ್ತಿರ ಬಂದಾಗ ಒಮ್ಮೆ ಬಿದ್ದಳು, ಮರುದಿನ ಮೈದಾನಕ್ಕೆ ಹೋದಳು. ಆ ಡಾಕ್ಟರಿಗೆ, ರೇಣುಕಾ ಮೇಡಂಗೆ, ಶಬಾನಾಳ ಬಾಯಿಗೆ ಕೈ ಮುಗಿಯುತ್ತೇನೆ. ಅವನಿಗೆ ಹಾಕುವ ಶಾಪವನ್ನು ಮಾತ್ರ ಕಡಿಮೆ ಮಾಡಿಲ್ಲ. ‘ಅದರಿಂದ ನಿಮ್ಮ ಬಿಪಿ ಏರುತ್ತೆ’ ಎನ್ನುತ್ತಾರೆ ಡಾಕ್ಟರು. ಏರಲಿ, ಅದಕ್ಕೂ ಮಾತ್ರೆ ಇದೆ.

ಕಳೆದ ತಿಂಗಳು ರಾಯಲ್ಪಾಡು ಕಡೆ ಒಂದು ಪಂದ್ಯವಿತ್ತು. ಟೀಮಿನ ಹುಡುಗಿಯರೆಲ್ಲ ಮುಳಬಾಗಿಲಿನಲ್ಲಿ ನನ್ನ ಬಸ್ಸನ್ನೇ ಹತ್ತಿದರು. ಮೂರು ಜನರ ಸೀಟಿನಲ್ಲಿ ಶಬಾನಾ ಕಿಟಕಿ ಪಕ್ಕ, ಭಾರ್ಗವಿ ನಡುವೆ. ಶ್ರೀನಿವಾಸಪುರದಲ್ಲಿ ಜನ ನುಗ್ಗಿದರು. ಹಿಂದಿನ ಬಾಗಿಲಿನಿಂದ ಅವನೂ ಹತ್ತಿದ.

ನನ್ನನ್ನು ನೋಡಿ ಇಳಿಯಲು ಹೊರಟ. ಬಸ್ಸು ಆಗಲೇ ಚಲಿಸಿತ್ತು. ಹತ್ತಿರ ಹೋಗಿ, ಯಾರೋ ಪರವೂರಿನವರಿಗೆ ಕೊಡುವಂತೆ ಟಿಕೆಟ್ ಕೊಟ್ಟೆ. ನಾಲಿಗೆಯ ತುದಿಯಲ್ಲಿ ವರ್ಷಗಳ ಮಾತಿತ್ತು. ಇಡೀ ಬಸ್ಸಿಗೆ ಕೇಳುವಂತೆ ಇವತ್ತು ಹೇಳಿಯೇ ಬಿಡುತ್ತೇನೆ ಎಂದುಕೊಂಡೆ. ಅಷ್ಟರಲ್ಲಿ ಜನ ತಳ್ಳಿ ತಳ್ಳಿ ಅವನನ್ನು ಮುಂದಕ್ಕೆ ಒಯ್ದರು. ಭಾರ್ಗವಿಯ ಸೀಟಿನ ಸರಿಯಾಗಿ ಹಿಂದೆ ಹೋಗಿ ನಿಂತ. ಕಂಬಿ ಹಿಡಿದುಕೊಂಡ. ಅವಳ ಬೆನ್ನು ಅವನ ಕೈಗೆ ಎಟುಕುವಷ್ಟು ಹತ್ತಿರ.

ಬೈಯಲು ಹೋದರೆ ಅವಳು ತಿರುಗಿ ನೋಡುತ್ತಾಳೆ, ಬೀಳುತ್ತಾಳೆ. ಜನರನ್ನು ದಾಟಿ ಅವಳ ಹತ್ತಿರ ಹೋಗಲೂ ಜಾಗವಿಲ್ಲ. ಅವಳ ಭುಜ ಒಂದು ಸಲ ಮೇಲೇರಿದ್ದು ಕಂಡಿತು. ಆಮೇಲೆ ಇಳಿಯಿತು. ಕಳೆದ ಪಂದ್ಯದಲ್ಲಿ ಫೌಲ್ ಯಾರದು ಎಂದು ಶಬಾನಾಳ ಜೊತೆ ಜಗಳ ಮುಂದುವರಿಸಿದಳು.

ಅವಳ ಈಚೆ ಪಕ್ಕದ ಖಾಲಿ ಜಾಗದಲ್ಲಿ ಕಿಟ್ ಬ್ಯಾಗಿತ್ತು. ಒಬ್ಬ ಅಜ್ಜಿ, ‘ಆ ಬ್ಯಾಗ್ ಕೆಳಗಿಡಮ್ಮಾ, ಪಾಪ ಯಜಮಾನ್ರು ನಿಂತವ್ರೆ’ ಎಂದಳು. ‘ಆಗಲ್ಲಜ್ಜಿ’ ಎಂದಳು ಭಾರ್ಗವಿ, ತಿರುಗದೆ. ಅಜ್ಜಿ ನನ್ನ ಮುಖ ನೋಡಿದಳು. ಸೀಟಿನ ಮೇಲೆ ಬ್ಯಾಗಿಟ್ಟವರನ್ನು ದಿನಾ ಗದರಿಸುವವಳು ನಾನೇ. ಆವತ್ತು ಟಿಕೆಟ್ ಮಿಷನ್ ಕೆಟ್ಟಿದೆಯೇನೋ ಎಂಬಂತೆ ಅದನ್ನೇ ಒತ್ತುತ್ತಾ ನಿಂತೆ. ಅವನು ತನ್ನ ಊರು ಬಂದಾಗ ತಲೆ ತಗ್ಗಿಸಿಕೊಂಡು ಇಳಿದುಹೋದ.

ಜನ ಕಡಿಮೆಯಾದ ಮೇಲೆ ಅವಳ ಹತ್ತಿರ ಓಡಿದೆ. ಏನೂ ಗೊತ್ತಿಲ್ಲದವಳಿಗೆ ಹೇಗೆ ಹೇಳುವುದೋ, ಹೇಳಬೇಕೋ ಬೇಡವೋ ತಿಳಿಯಲಿಲ್ಲ. ‘ಸುಸ್ತಾಯ್ತೇನೇ?’ ಎಂದು ಕೇಳಿದೆ.

‘ಹತ್ತುವಾಗ್ಲೇ ನೋಡ್ದೆ ಪಿನ್ನಿ’ ಎಂದಳು. ‘ಬ್ಯಾಗ್ ನನ್ನ ಮಡಿಲಲ್ಲೇ ಇತ್ತು. ಊರ್ ತನಕ ನಿಂತ್ಕೊಂಡೇ ಸಾಯ್ಲಿ ಅಂತ ಸೀಟ್ ಮೇಲಿಟ್ಟೆ.’